ನೆಲ ಮುಟ್ಟದ ಕಾಯಿ

ಫೆಬ್ರವರಿ 8, 2025, ಶನಿವಾರ. ಕಂದಿಕೆರೆ

ಸ್ವಸ್ತಿಶ್ರೀ ಜಯಾಭ್ಯುದಯ ಶಾಲಿವಾಹನ ಶಕ ವರುಷ ಸಾವಿರದ ಒಂಬೈನೂರ ನಲವತ್ತಾರನೆಯ ಕ್ರೋಧಿ ನಾಮ ಸಂವತ್ಸರದ ಮಾಘ ಶುದ್ಧ ಏಕಾದಶಿಯಂದು, ಕಂದಿಕೆರೆಯ ಕರಿಬಸವಯ್ಯನವರ ಏಕಮಾತ್ರ ಪುತ್ರನೂ, ತಿಪಟೂರು ಕಾಲೇಜಿನ ಕೊನೆ ಬೆಂಚಿನ ಚಕ್ರವರ್ತಿಯೂ, ಮೂವರು ಮೇಷ್ಟರ ಸ್ಕೂಟರಿನ ಗಾಳಿ ಬಿಟ್ಟ ಗಂಡುಗಲಿಯೂ ಆದ ದಯಾನಂದನು ಮುಂದೆ ಹುಟ್ಟಲಿರುವ ಇತಿಹಾಸಕಾರರಿಗೂ, ಶಾಸನ ಓದುವ ಪಂಡಿತರಿಗೂ, ಈ ಪುಸ್ತಕವನ್ನು ಕದ್ದು ಓದುವ ತಂಗಿ ಸೌಂದರ್ಯಳಿಗೂ ಬರೆದಿಟ್ಟ ಶಾಸನವಿದು. ಇದನ್ನು ಅಳಿಸಿದವರು ಕೆರೆಯ ತಡಿಯಲ್ಲಿ ಎಮ್ಮೆಯ ಒದೆ ತಿಂದು ಅಲ್ಲೇ ಬೀಳಲಿ.

ವಿಷಯ ಏನೆಂದರೆ, ನನಗೆ ಶಿಕ್ಷೆಯಾಗಿದೆ. ಕಂದಿಕೆರೆಯಿಂದ ಎಡೆಯೂರಿಗೆ ನಡೆದು ಹೋಗಬೇಕು, ಒಂದು ತೆಂಗಿನಕಾಯಿ ಹೊತ್ತುಕೊಂಡು.

ಮೂಲ ಕಾರಣ ನಾನೇ. ಹುಟ್ಟಿದಾಗ ನಾನು ಅಳಲಿಲ್ಲವಂತೆ. ನರ್ಸು ಬೆನ್ನಿಗೆ ಬಡಿದರೂ ಸದ್ದಿಲ್ಲ. ಆಗ ನಮ್ಮಜ್ಜಿ ಗಿರಿಜಾಂಬಿಕಾ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಎಡೆಯೂರಿನ ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತಳು: ಈ ಮಗು ಬಾಯಿ ಬಿಟ್ಟರೆ ಅದರ ಹೆಸರಲ್ಲಿ ಒಂದು ತೆಂಗಿನ ಸಸಿ ನೆಟ್ಟು, ಆ ಮರದ ಕಾಯನ್ನು ನಡೆದುಕೊಂಡೇ ತಂದು ನಿನಗೆ ಒಪ್ಪಿಸುತ್ತೇನೆ. ನಾನು ಬಾಯಿ ಬಿಟ್ಟೆ. ಇವತ್ತಿನವರೆಗೆ ಮುಚ್ಚಿಲ್ಲ.

ಮರ ಫಲ ಕೊಡುವಷ್ಟರಲ್ಲಿ ಅಜ್ಜಿಯ ಮಂಡಿ ಹೋಯಿತು. ಆಮೇಲೆ ತಾತ ಹಾಸಿಗೆ ಹಿಡಿದರು. ಆಮೇಲೆ ಕೊರೋನಾ. ಹರಕೆ ಹಾಗೇ ಉಳಿಯಿತು. ಈಗ ಅವಳ ಬಲಗಣ್ಣು ಪೂರ್ತಿ ಮಸುಕಾಗಿದೆ, ಎಡಗಣ್ಣು ಅರ್ಧ. ತಿಪಟೂರಿನ ಡಾಕ್ಟರು, ಪೊರೆ ಬಲಿತುಬಿಟ್ಟಿದೆ, ಇನ್ನೂ ಬಿಟ್ಟರೆ ಬಲಗಣ್ಣು ಉಳಿಯುವುದಿಲ್ಲ ಎಂದು ಹದಿನೇಳನೇ ತಾರೀಕು ಆಪರೇಷನ್ನಿಗೆ ಬರೆದುಕೊಟ್ಟರು. ಅಜ್ಜಿ ಒಪ್ಪಲಿಲ್ಲ. ಹರಕೆ ತೀರಿಸದ್ದಕ್ಕೇ ದೇವರು ಕಣ್ಣು ಕಿತ್ತುಕೊಂಡಿದ್ದಾನೆ, ಅದು ತೀರುವವರೆಗೆ ಚಾಕು ಮುಟ್ಟಿಸಿಕೊಳ್ಳುವುದಿಲ್ಲ ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಅಪ್ಪ ಬೈದರು, ಅಮ್ಮ ಅತ್ತಳು, ಸೌಂದರ್ಯ ಉಪವಾಸ ಕೂರುತ್ತೇನೆಂದು ಹೆದರಿಸಿ ಎರಡು ಗಂಟೆಗೆ ಉಪ್ಪಿಟ್ಟು ತಿಂದಳು. ಅಜ್ಜಿ ತಿರುಗಲಿಲ್ಲ.

ಅಪ್ಪನೇ ಹೊರಡಬೇಕಿತ್ತು. ಅವರ ಸೊಂಟ ಸರಿಯಿಲ್ಲ. ಡಾಕ್ಟರು ಕೊಟ್ಟ ಬೆಲ್ಟು ಬಿಗಿದುಕೊಂಡರೆ ಮಾತ್ರ ನಡೆಯಬಲ್ಲರು. ಆದರೂ ಹಟ ಹಿಡಿದು ಬಟ್ಟೆ ಜೋಡಿಸಿಟ್ಟುಕೊಂಡಿದ್ದರು. ನಿನ್ನೆ ಸಂಜೆ ನೋಡಿದರೆ ಬೆಲ್ಟೇ ಇಲ್ಲ. ಮಂಚದ ಕೆಳಗೆ, ಕೊಟ್ಟಿಗೆಯಲ್ಲಿ, ಎಲ್ಲಿ ಹುಡುಕಿದರೂ ಇಲ್ಲ. ನಾಯಿ ಎಳೆದುಕೊಂಡು ಹೋಗಿರಬೇಕೆಂದು ತೀರ್ಮಾನವಾಯಿತು. ಸೌಂದರ್ಯಳಿಗೆ ಪರೀಕ್ಷೆ, ಅಮ್ಮ ಅಜ್ಜಿಯನ್ನು ಬಿಟ್ಟು ಬರುವಂತಿಲ್ಲ. ವಿಧಿ ತನ್ನ ಕಪ್ಪು ಬೆರಳನ್ನು ನನ್ನತ್ತ ಚಾಚಿತು. ಹರಕೆ ಯಾರಿಗಾಗಿ ಹೊತ್ತದ್ದೋ ಅವನೇ ಹೊರಬಹುದು ಎಂದು ಅಜ್ಜಿಯೂ ಅಪ್ಪಣೆ ಕೊಟ್ಟಳು.

ನಮ್ಮ ಮನೆತನದ ಕಟ್ಟಳೆ ಹೀಗಿದೆ. ವಾಹನ ಹತ್ತಕೂಡದು. ಕಾಯಿ ನೆಲ ಮುಟ್ಟಕೂಡದು. ಹಗಲೆಲ್ಲ ಅದು ಮನುಷ್ಯರ ಮೈಮೇಲೋ ಕೈಯಲ್ಲೋ ಇರಬೇಕು, ಗೂಟಕ್ಕೆ, ಮರಕ್ಕೆ ತೂಗುಹಾಕುವಂತಿಲ್ಲ. ಕತ್ತಲಾದ ಮೇಲೆ ಯಾರದಾದರೂ ಮನೆಯ ದೇವರ ಗೂಡಿನಲ್ಲಿ ಇಡಬಹುದು. ಕೊನೆಯದು, ಶೌಚಕ್ಕೆ ಹೋಗುವಾಗ, ಸ್ನಾನ ಮಾಡುವಾಗ ಅದು ಹೊತ್ತವನ ಮೈಮೇಲೆ ಇರಕೂಡದು.

ಒಬ್ಬನೇ ಹೋಗುವವನು ಹಾಗಾದರೆ ಏನು ಮಾಡಬೇಕು ಎಂದು ಕೇಳಿದೆ.

“ದಾರೀಲಿ ಜನ ಇರಲ್ವೇನ್ಲಾ?” ಎಂದಳು ಅಜ್ಜಿ.

ಫೆಬ್ರವರಿ 9, ಭಾನುವಾರ

ಅಜ್ಜಿಗೆ ಒಂದು ಜಂಬವಿದೆ. ತೋಟದ ಯಾವ ಕಾಯಿಯಾದರೂ ಸರಿ, ಚೂರು ಅಗಿದರೆ ಯಾವ ಮರದ್ದೆಂದು ಹೇಳುತ್ತಾಳಂತೆ. ಕಣ್ಣಿನ ಜೊತೆ ನಾಲಿಗೆಯೂ ಹೋಗಿರಬಹುದೆಂದು ಇವತ್ತು ವೈಜ್ಞಾನಿಕ ಪರೀಕ್ಷೆ ನಡೆಸಿದೆ. ಪಕ್ಕದ ತೋಟದ ಬೋರಯ್ಯನ ಕಾಯಿ ಒಡೆದು ಒಂದು ಚೂರು ಕೊಟ್ಟು, ನನ್ನ ಮರದ್ದು ಎಂದೆ. ಎರಡು ಸಲ ಅಗಿದಳು.

“ಬೋರಯ್ಯನ ತೋಟದ ನೀರು ಸವಳು ಕಣ್ಲಾ. ಯಾರ್ಗೆ ಆಟ ಕಟ್ತೀಯ?” ಎಂದು ಉಗಿದಳು.

ಗೆಳೆಯ ಗಂಗರಾಜು ಜೊತೆಗೆ ಬರುತ್ತೇನೆಂದು ಒಪ್ಪಿದ್ದ. ಸಂಜೆ ಫೋನ್ ಮಾಡಿ, ಇದೆಲ್ಲ ನೀನು ಕಟ್ಟಿದ ನಾಟಕ, ಅರ್ಧ ದಾರಿಯಲ್ಲಿ ನನ್ನನ್ನು ಕೆರೆಗೆ ತಳ್ಳುತ್ತೀಯ, ಬರಲ್ಲ ಎಂದ. ಕಾಯಿಯ ಫೋಟೋ ಕಳಿಸಿದೆ. ಅಜ್ಜಿಯ ಫೋಟೋ ಕಳಿಸಿದೆ. ನಂಬಲಿಲ್ಲ. ಹೋದ ವರ್ಷ ಅವನಿಗೆ ನಕಲಿ ಮದುವೆ ಕರೆಯೋಲೆ ಕಳಿಸಿ, ಸೂಟು ಹಾಕಿಸಿ, ಖಾಲಿ ಛತ್ರದ ಮುಂದೆ ನಿಲ್ಲಿಸಿದ್ದು ನಿಜ. ಅದನ್ನೆಲ್ಲ ನೆನಪಿಟ್ಟುಕೊಳ್ಳುವುದು ದೊಡ್ಡವರ ಲಕ್ಷಣವಲ್ಲ.

ಫೆಬ್ರವರಿ 10, ಸೋಮವಾರ. ಚಿಕ್ಕನಾಯಕನಹಳ್ಳಿ ದಾಟಿ

ಬೆಳಿಗ್ಗೆ ಅಜ್ಜಿ ಮಟ್ಟೆ ಸುಲಿಯದ ಕಾಯಿಯ ಮೇಲೆ ವಿಭೂತಿಯಿಂದ ಮೂರು ಗೆರೆ ಎಳೆದಳು. ಗೆರೆ ಸೊಟ್ಟಗಾಗಿತ್ತು. ನಾನು ಹೇಳಲಿಲ್ಲ. ಟವಲನ್ನು ಜೋಳಿಗೆಯಂತೆ ಕಟ್ಟಿ ಕಾಯನ್ನು ಎದೆಗೆ ತೂಗುಹಾಕಿಕೊಂಡೆ. ಕೂಸು ಹೊತ್ತ ಬಾಣಂತಿಯ ಹಾಗೆ ಕಾಣುತ್ತೀಯ ಎಂದಳು ಸೌಂದರ್ಯ. ಅಜ್ಜಿ ಗೋಡೆ ಹಿಡಿದುಕೊಂಡು ಗೇಟಿನವರೆಗೂ ಬಂದಳು.

ಮೊದಲ ಸಂಕಟ ಚಿಕ್ಕನಾಯಕನಹಳ್ಳಿಯಲ್ಲಿ ಬಂತು. ಸಂಕಟ ಯಾವುದೆಂದು ಇತಿಹಾಸಕಾರರು ಊಹಿಸಿಕೊಳ್ಳಲಿ. ಬೆಳಿಗ್ಗೆ ಮೂರು ಲೋಟ ಮಜ್ಜಿಗೆ ಕುಡಿದಿದ್ದೆ.

ಬಸ್ ಸ್ಟ್ಯಾಂಡಿನ ಹತ್ತಿರ ಆಂಜನಪ್ಪ ಎಂಬುವರ ಟೀ ಅಂಗಡಿ. ಸುಮ್ಮನೆ ಹಿಡಿದುಕೊಳ್ಳಿ ಎಂದರೆ ಯಾರು ಹಿಡಿಯುತ್ತಾರೆ ಎಂದು ಕತೆ ಕಟ್ಟಿದೆ. ಇದು ಪಾಳೇಗಾರರ ಕಾಲದ ಕಾಯಿ, ಮುನ್ನೂರು ವರ್ಷದಿಂದ ಒಣಗಿಲ್ಲ, ನೆಲಕ್ಕಿಟ್ಟವರ ತಲೆಕೂದಲು ಒಂದೇ ರಾತ್ರಿಗೆ ಉದುರಿಹೋಗುತ್ತದೆ ಎಂದೆ. ಆಂಜನಪ್ಪ ತಲೆಗೆ ಸುತ್ತಿದ್ದ ಟವಲು ತೆಗೆದರು. ಒಂದು ಕೂದಲೂ ಇರಲಿಲ್ಲ.

“ನಂಗೇನ್ ನಷ್ಟ ಇಲ್ಲ, ಕೊಡಿಲ್ಲಿ. ಬೇಗ ಹೋಗಿಬಾ, ಕಾಲು ಕುಣೀತಾವೆ” ಎಂದರು.

ಬಂದು ನೋಡಿದರೆ ಕಾಯಿ ಅವರ ಎಡಗಂಕುಳಲ್ಲಿತ್ತು. ಒಂದೇ ಕೈಯಲ್ಲಿ ಟೀ ಸೋಸುತ್ತಿದ್ದರು. ಗಿರಾಕಿಯೊಬ್ಬ ಕಾಯನ್ನು ಬೆಂಚಿನ ಮೇಲಿಡಿ ಎಂದದ್ದಕ್ಕೆ, ಬೆಂಚೂ ನೆಲದ ಮೇಲೇ ನಿಂತಿದೆಯಲ್ಲ ಎಂದರಂತೆ. ಟೀಗೆ ಕಾಸು ತೆಗೆದುಕೊಳ್ಳಲಿಲ್ಲ. ಹರಕೆ ಯಾರದೆಂದು ಕೇಳಿದರು. ಪಾಳೇಗಾರರದು ಎಂದು ಬಾಯಿಗೆ ಬಂದಿತ್ತು. ಅಜ್ಜಿಯದು ಎಂದೆ.

ಸಂಜೆ ಊರಾಚೆಯ ಹಾಲಿನ ಡೈರಿಯ ಮೆಟ್ಟಿಲ ಮೇಲೆ ಕೂತಿದ್ದೆ. ಹಾಲು ಅಳೆಯುವ ನಿರ್ಮಲಾ ಎಂಬಾಕೆ ನನ್ನನ್ನೂ ಕಾಯನ್ನೂ ನೋಡಿ, ಏನೂ ಕೇಳದೆ, ಮನೆಗೆ ನಡಿ ಎಂದರು. ಕಾಯಿ ಅವರ ದೇವರ ಗೂಡಿನಲ್ಲಿದೆ. ನಾನು ಪಡಸಾಲೆಯಲ್ಲಿದ್ದೇನೆ. ಮುದ್ದೆ, ಅವರೆಕಾಳಿನ ಸಾರು. ನನಗೆ ಕಾಯಿಗಿಂತ ಹೆಚ್ಚಿನ ಮರ್ಯಾದೆ ಸಿಗುವುದೆಂದು ಭಾವಿಸಿರಲಿಲ್ಲ, ಸಿಗಲೂ ಇಲ್ಲ.

ಫೆಬ್ರವರಿ 11, ಮಂಗಳವಾರ. ಕಿಬ್ಬನಹಳ್ಳಿ ಹತ್ತಿರ

ಎಡಗಾಲಿನ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿದೆ. ನಿಂಬೆಹಣ್ಣಿನಷ್ಟು. ಬಿಸಿಲು ಬೇರೆ.

ಮುಂಜಾನೆ ಒಂದು ಸರ್ಕಾರಿ ಬಸ್ಸು ಪಕ್ಕದಲ್ಲಿ ನಿಂತಿತು. ಕಂಡಕ್ಟರ್ ಪುಷ್ಪಲತಾ ಎಂದು ಎದೆಯ ಮೇಲೆ ಬರೆದಿತ್ತು. ಬಾಗಿಲಿಗೆ ಬಂದು, ಕುಂಟುತ್ತಿದ್ದೀಯ, ಹತ್ತು, ಟಿಕೆಟ್ ಕೇಳಲ್ಲ ಎಂದರು. ಹತ್ತುವಂತಿಲ್ಲ ಎಂದು ಕಾಯಿ ತೋರಿಸಿ ವಿವರಿಸುವಷ್ಟರಲ್ಲಿ ಡ್ರೈವರು ಹಾರನ್ ಒತ್ತಿದ. ಅದೇ ಬಸ್ಸು ತುರುವೇಕೆರೆ ಮುಟ್ಟಿ ವಾಪಸು ಬಂತು. ನಾನು ಎರಡು ಮೈಲಿ ಮುಂದೆ ಹೋಗಿದ್ದೆ ಅಷ್ಟೇ. ಮತ್ತೆ ನಿಂತಿತು. ಈ ಸಲ ಪುಷ್ಪಲತಾ ಕಿಟಕಿಯಿಂದ ಬ್ಯಾಂಡೇಜಿನ ಪಟ್ಟಿ, ಹಳೆಯ ಕಾಲುಚೀಲ ಕೊಟ್ಟರು. ಕಾಲುಚೀಲ ಡ್ರೈವರಿನದಂತೆ. ಅವನು ಮುಂದೆ ನೋಡಿಕೊಂಡೇ ಕೂತಿದ್ದ. ಪಟ್ಟಿ ಕಟ್ಟಿಕೊಳ್ಳಲು ಬಗ್ಗಿದರೆ ಕಾಯಿ ಕೆಳಗೆ ಜಾರುತ್ತಿತ್ತು. ಪುಷ್ಪಲತಾ ಇಳಿದು ಬಂದು ಎರಡೂ ಕೈಯಲ್ಲಿ ಅದನ್ನು ಹಿಡಿದು ರಸ್ತೆಯಲ್ಲಿ ನಿಂತರು. ಬಸ್ಸಿನ ತುಂಬ ಜನ ಕಿಟಕಿಗೆ ಮುಖ ಕೊಟ್ಟು ನೋಡುತ್ತಿದ್ದರು. ಬಸ್ಸಿನೊಳಗೇ ಹಿಡಿದುಕೊಂಡರೆ ಹರಕೆ ಕೆಡುತ್ತದೇನೋ ಎಂದು ಇಳಿದು ಬಂದೆ ಎಂದರು. ನನಗೂ ಹೊಳೆಯದ ಕಾನೂನು.

ಮಧ್ಯಾಹ್ನ ಮೂರನೇ ಟ್ರಿಪ್. ಬಸ್ಸು ನಿಲ್ಲಲಿಲ್ಲ, ನಿಧಾನ ಮಾಡಿತು. ಯಾರೋ ಮುದುಕಿಯೊಬ್ಬಳು ಕಿಟಕಿಯಿಂದ ಬೆಲ್ಲದ ಪೊಟ್ಟಣ ಎಸೆದಳು.

“ಎಲ್ಲಿಗ್ ಬಂತಪ್ಪಾ ಕಾಯಿ?”

“ಬತ್ತಾ ಐತೆ ಅಜ್ಜಿ” ಎಂದೆ.

ಬೆಳಿಗ್ಗೆ ಅವರ ಬಸ್ಸಿನ ಹಿಂಬದಿಗೆ ‘ಈ ಬಸ್ಸು ಚಂದ್ರಲೋಕಕ್ಕೆ ಹೋಗುತ್ತದೆ’ ಎಂದು ಸೀಮೆಸುಣ್ಣದಲ್ಲಿ ಬರೆಯಬೇಕೆಂದುಕೊಂಡಿದ್ದೆ. ಚೀಲದಲ್ಲಿ ಸೀಮೆಸುಣ್ಣ ಇಟ್ಟುಕೊಂಡೇ ಇರುತ್ತೇನೆ. ಮರೆತುಹೋಯಿತು.

ಹಿಂದಿರುಗುವ ಯೋಚನೆ ಇಲ್ಲ. ಬೊಕ್ಕೆ ಕಾಲಿನದು, ಎಡೆಯೂರಿಗೆ ಹೋಗುವವನು ನಾನು.

ಫೆಬ್ರವರಿ 13, ಗುರುವಾರ ಬೆಳಿಗ್ಗೆ. ತುರುವೇಕೆರೆಗೆ ಹೋಗುವ ದಾರಿಯ ಒಂದು ತೋಟದ ಮನೆ

ನಿನ್ನೆ ಬರೆಯಲು ಮನಸ್ಸಿರಲಿಲ್ಲ. ಈಗ ಪೂರ್ತಿ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಈ ತೋಟದ ಪಂಪ್‌ಹೌಸಿನಲ್ಲಿ ನೀರು ಧುಮುಕುತ್ತಿತ್ತು. ಎರಡು ದಿನದಿಂದ ಸ್ನಾನವಿಲ್ಲ. ಬೆವರಿಗೆ ಕಾಯಿಯ ವಿಭೂತಿಯೂ ಒರೆಸಿಹೋಗಿ, ಮೂರು ಗೆರೆಯಲ್ಲಿ ಒಂದೂ ಉಳಿದಿರಲಿಲ್ಲ. ಮನೆಯ ಮುಂದೆ ಕೊಯ್ಲು ಮುಗಿದ ಕಾಯಿಯ ರಾಶಿ ಬಿದ್ದಿತ್ತು. ಕೊಬ್ಬರಿಗೆಂದು ಅಟ್ಟಕ್ಕೆ ಏರಿಸುತ್ತಿದ್ದರು. ರಾಶಿಯಿಂದ ಒಬ್ಬ ಎತ್ತಿ ಎಸೆದರೆ ಇನ್ನೊಬ್ಬ ಹಿಡಿದು ಮುಂದಕ್ಕೆ ಎಸೆಯುವುದು, ಹಾಗೇ ಸಾಲಾಗಿ ಏಣಿಯವರೆಗೆ. ಏಣಿಯ ಮೇಲೆ ನಿಂತವನು ಹಿಡಿದು ಅಟ್ಟದೊಳಕ್ಕೆ ಹಾಕುವುದು. ಹುಟ್ಟಿದಾಗಿನಿಂದ ನೋಡಿದ ಕೆಲಸ. ನೋಡುತ್ತ ನೋಡುತ್ತ ನಾನು ಸಾಲಿನ ತುದಿಯಲ್ಲಿದ್ದ ಅಜ್ಜನೊಬ್ಬರ ಹತ್ತಿರ ಹೋದೆ. ಹೆಸರು ಹುಚ್ಚರಂಗಯ್ಯ. ಕತೆ ಕಟ್ಟಲಿಲ್ಲ, ಇದ್ದದ್ದನ್ನೇ ಹೇಳಿದೆ. ಅವರು ಕಣ್ಣಿಗೊತ್ತಿಕೊಂಡು ಕಾಯಿ ಇಸಿದುಕೊಂಡರು. ನಾನು ಟವಲು ತೆಗೆದುಕೊಂಡು ಪಂಪಿನ ಕೆಳಗೆ ಕೂತೆ.

ತಲೆ ಒರೆಸಿಕೊಳ್ಳುತ್ತ ಬಂದೆ. ಹುಚ್ಚರಂಗಯ್ಯನವರ ಎರಡೂ ಕೈ ಖಾಲಿ. ಅವರು ತಮ್ಮ ಕೈಗಳನ್ನೇ ನೋಡುತ್ತಿದ್ದರು. ಸಾಲು ನಿಂತುಹೋಗಿತ್ತು.

“ಕೈ ಕೇಳ್ಲಿಲ್ಲ ಕಣಪ್ಪ” ಎಂದರು. “ಕಾಯಿ ಕೈಗೆ ಬಂತು, ಮುಂದಕ್ ಎಸೆದ್ಬುಟ್ಟೆ.”

ಪಕ್ಕದವನು ಹಿಡಿದಿದ್ದ, ಅವನ ಪಕ್ಕದವನು ಹಿಡಿದಿದ್ದ, ಏಣಿಯ ಮೇಲಿದ್ದ ದೊಡ್ಡಣ್ಣ ಅಟ್ಟಕ್ಕೆ ಹಾಕಿಯಾಗಿತ್ತು. ಅದರ ಮೇಲೆ ಇನ್ನೂ ಎಷ್ಟೋ ಬಿದ್ದಿದ್ದವು. ಏಣಿ ಹತ್ತಿ ನೋಡಿದೆ. ಸೂರಿನವರೆಗೂ ಕಾಯಿ. ಗುರುತಿಲ್ಲದ ಒಂದು ಕಾಯಿ, ಕಾಯಿಯ ಬೆಟ್ಟದಲ್ಲಿ.

ನನ್ನ ತಲೆಯಲ್ಲಿ ಮೊದಲು ಬಂದದ್ದು ಹದಿನೇಳನೇ ತಾರೀಕು. ವಾಪಸು ಹೋಗಿ ಇನ್ನೊಂದು ಕಾಯಿ ಕಿತ್ತು ಮತ್ತೆ ನಡೆಯುವಷ್ಟು ದಿನ ಇರಲಿಲ್ಲ. ಕೂಗಾಡಿದೆ. ಏನೆಂದೆನೋ ಬರೆಯಲಾರೆ. ಕಾಯಿ ಹಾಕುವ ಸಾಲಿನಲ್ಲಿ ನಿಂತವನ ಕೈಗೆ ಕಾಯಿ ಕೊಟ್ಟವನು ನಾನೇ. ತೆಂಗಿನ ಸೀಮೆಯ ಕೂಸಿಗೂ ಅಷ್ಟು ತಿಳಿವಳಿಕೆ ಇರುತ್ತದೆ.

ಮನೆಯೊಡತಿ ಚಿಕ್ಕಗೌರಮ್ಮ ಒಳಗಿನಿಂದ ಬಂದರು. ಎಲ್ಲ ಕೇಳಿಸಿಕೊಂಡು ಮೊದಲು ತೀರ್ಪು ಕೊಟ್ಟರು.

“ಅಟ್ಟ ನೆಲ ಅಲ್ಲ. ಹರಕೆ ಇನ್ನೂ ಕೆಟ್ಟಿಲ್ಲ.”

“ಅಟ್ಟದ್ ಮೇಲೂ ಇಲಿ ಓಡಾಡ್ತಾವೆ ಕಣವ್ವ” ಎಂದ ದೊಡ್ಡಣ್ಣ. ಅವರ ಮಗ.

“ನೀನ್ ಸುಮ್ಕಿರ್ಲಾ. ಹತ್ತು ಮೇಲಕ್ಕೆ. ಒಂದೊಂದೇ ಇಳ್ಸು. ಯಾವ್ದೂ ನೆಲಕ್ ಬೀಳಬಾರದು.”

ಆಮೇಲೆ ನಡೆದದ್ದನ್ನು ನಾನು ಎಲ್ಲೂ ನೋಡಿಲ್ಲ. ಬೆಳಿಗ್ಗೆಯಿಂದ ಏರಿಸಿದ ಕಾಯನ್ನು ಅದೇ ಸಾಲು ಇಳಿಸತೊಡಗಿತು. ಎಸೆಯುವುದಿಲ್ಲ, ಕೈಯಿಂದ ಕೈಗೆ. ಅಂಗಳದಲ್ಲಿ ಎರಡು ಮಂಚ ಹಾಕಿ ಅವುಗಳ ಮೇಲೆ ಪೇರಿಸಿದರು. ಪಕ್ಕದ ತೋಟದಿಂದ ಹೆಂಗಸರು ಬಂದರು. ಚಿಕ್ಕಗೌರಮ್ಮನವರ ಸೊಸೆ ನಯನ ಎಲ್ಲರಿಗೂ ನೀರುಮಜ್ಜಿಗೆ ಕೊಟ್ಟು ತಾನೂ ಸಾಲಿಗೆ ನಿಂತಳು. ಹುಚ್ಚರಂಗಯ್ಯ ಬಂದ ಬಂದ ಕಾಯನ್ನೆಲ್ಲ ಮೂಗಿಗೆ ಹಿಡಿದು ವಿಭೂತಿಯ ವಾಸನೆ ನೋಡುತ್ತಿದ್ದರು. ಕಾಯಿಯ ಧೂಳಿಗೆ ಸೀನುತ್ತಿದ್ದರು, ಮತ್ತೆ ಮೂಸುತ್ತಿದ್ದರು. ಕೂರಿ ಅಜ್ಜ ಎಂದರೂ ಕೂರಲಿಲ್ಲ.

ನಾನೂ ತಿರುಗಿಸಿ ತಿರುಗಿಸಿ ನೋಡಿದೆ. ನನ್ನ ಮರದ ಕಾಯನ್ನು ನಾನು ಗುರುತಿಸಬೇಕಲ್ಲ? ಇಪ್ಪತ್ತು ವರ್ಷ ಅದರ ಕೆಳಗೇ ಆಡಿದವನು. ಎಲ್ಲ ಒಂದೇ ಥರ ಕಂಡವು. ಅಜ್ಜಿಯಾಗಿದ್ದರೆ ಕೈಯಿಟ್ಟೇ ಹೇಳುತ್ತಿದ್ದಳು.

ಹೊತ್ತು ಇಳಿಯಿತು. ಊಟಕ್ಕೆ ಯಾರೂ ಹೋಗಿರಲಿಲ್ಲ. ಒಬ್ಬ ಹುಡುಗಿಯ ಅಂಗೈ ಕಿತ್ತುಬಂದಿತ್ತು, ಸೆರಗು ಸುತ್ತಿಕೊಂಡು ಕಾಯಿ ದಾಟಿಸುತ್ತಿದ್ದಳು. ಹುಚ್ಚರಂಗಯ್ಯನವರ ಕಣ್ಣು ಧೂಳಿಗೆ ಕೆಂಪಾಗಿ ನೀರು ಸುರಿಯುತ್ತಿತ್ತು. ಧೂಳಿಗೇ ಇರಬೇಕು.

ಆಗ ನಾನು ಮಂಚದ ಮೇಲಿಂದ ಒಂದು ಕಾಯಿ ಎತ್ತಿ ಮೂಸಿ, “ಸಿಕ್ತು! ಇದೇ” ಎಂದು ಕೂಗಿದೆ.

ತೊಟ್ಟಿನ ಹತ್ತಿರ ಒಂದು ಕಪ್ಪು ಕಲೆಯಿದೆ, ಅದೇ ನಮ್ಮ ಮರದ ಗುರುತು, ಅಜ್ಜಿ ಹೇಳಿಕಳಿಸಿದ್ದಳು, ಗಾಬರಿಗೆ ಮರೆತಿದ್ದೆ ಎಂದೆ. ಎಷ್ಟು ಸೊಗಸಾಗಿ ಹೇಳಿದೆನೆಂದರೆ ಅರೆಗಳಿಗೆ ನಾನೂ ನಂಬಿದೆ. ಸಾಲಿಗೆ ಸಾಲೇ ಕುಸಿದು ಕೂತಿತು. ಯಾರೋ ಶಿಳ್ಳೆ ಹಾಕಿದರು. ಹುಚ್ಚರಂಗಯ್ಯ ಎದ್ದು ಬಂದು ಕಾಯನ್ನು ಮುಟ್ಟಿ, ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡು, ನಕ್ಕರು.

ಇಷ್ಟು ಜನರನ್ನು ಒಟ್ಟಿಗೆ ಯಾಮಾರಿಸಿದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು. ಗಂಗರಾಜುವಿನ ಖಾಲಿ ಛತ್ರ ಇದರ ಮುಂದೆ ಏನೂ ಅಲ್ಲ. ಆದರೆ ಯಾರಿಗೂ ಹೇಳಿ ನಗುವಂತಿಲ್ಲ. ನಗುವೂ ಬರುತ್ತಿಲ್ಲ.

ಚಿಕ್ಕಗೌರಮ್ಮ ಮಾತ್ರ ನಗಲಿಲ್ಲ. ಕಾಯನ್ನು ಇಸಿದುಕೊಂಡು, ತೂಕ ನೋಡಿ, ಅದರ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದರು. ನನ್ನ ಮುಖ ನೋಡಿದರು.

“ಇದೇ ಅಂತೀಯಾ?”

“ಇದೇ ಅವ್ವ.”

“ಅಂಗಾರೆ ಇದೇ” ಎಂದು ಹೇಳಿ, ಪಕ್ಕದ ಮನೆಯವರಿಂದ ವಿಭೂತಿ ತರಿಸಿ, ಅವರ ದೇವರ ಮುಂದೆ ನನ್ನ ಕೈಯಲ್ಲೇ ಮೂರು ಗೆರೆ ಎಳೆಸಿದರು.

ಈಗ ಹೊರಡುತ್ತೇನೆ.

ಫೆಬ್ರವರಿ 13, ಸಂಜೆ. ಮಾಯಸಂದ್ರ

ಹುಚ್ಚರಂಗಯ್ಯ ಬೇಡವೆಂದರೂ ತುರುವೇಕೆರೆಯವರೆಗೆ ಜೊತೆಯಲ್ಲೇ ನಡೆದರು. ಕಾಯನ್ನು ಅವರೇ ಹೊತ್ತರು, ಎರಡೂ ಕೈಯಲ್ಲಿ, ತುಂಬಿದ ಕೊಡದ ಹಾಗೆ. ಸಂತೆ ಬೀದಿಯಲ್ಲಿ ಅದನ್ನು ನನಗೆ ಕೊಡುವಾಗ ಮೂರು ಸಲ ಹಿಡಿದಿದ್ದೀಯಾ, ಹಿಡಿದಿದ್ದೀಯಾ ಎಂದು ಕೇಳಿದರು.

ಬೊಕ್ಕೆ ಒಡೆಯಿತು. ನಡೆದೆ. ಇವತ್ತು ಕಾಯಿ ಹಿಡಿದವರು: ಪಂಕ್ಚರ್ ಅಂಗಡಿಯ ಸಾಬರು, ಇಬ್ಬರು ಸ್ಕೂಲ್ ಮೇಡಂಗಳು, ಕುರಿ ಕಾಯುವ ಅಣ್ಣ. ಅಜ್ಜಿ ಹರಕೆ, ಒಂದು ನಿಮಿಷ ಹಿಡಿದುಕೊಳ್ಳಿ ಎಂದರೆ ಸಾಕಾಗುತ್ತದೆ. ಕತೆ ಕಟ್ಟಲು ಸಮಯವಿಲ್ಲ.

ಫೆಬ್ರವರಿ 14, ಶುಕ್ರವಾರ. ಎಡೆಯೂರು

ತಲುಪಿದೆ.

ಸಾಲಿನಲ್ಲಿ ನಿಂತಾಗ ಹೆದರಿಕೆಯಾಯಿತು. ಮನುಷ್ಯರನ್ನು ಯಾಮಾರಿಸುವುದು ಬೇರೆ. ಅರ್ಚಕರಿಗೆ ಕಾಯಿ ಕೊಡುವಾಗ, ಸ್ವಾಮಿ, ದಾರಿಯಲ್ಲಿ ಕಾಯಿ ಬದಲಾಗಿದ್ದರೆ ಹರಕೆ ಸಲ್ಲುತ್ತದಾ ಎಂದು ಮೆಲ್ಲಗೆ ಕೇಳಿದೆ. ಹಿಂದೆ ಸಾಲು ಉದ್ದ ಇದೆ, ಬೇಗ ಕೊಡಪ್ಪ ಎಂದರು. ಮಟ್ಟೆ ಸುಲಿಸಿ ತಂದಿದ್ದೆ. ಒಂದೇ ಏಟಿಗೆ ಸಮನಾಗಿ ಎರಡು ಹೋಳಾಯಿತು. ಒಂದನ್ನು ನನಗೆ ಕೊಟ್ಟರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಎದೆ ಖಾಲಿ. ಅಂದರೆ ಟವಲು ಖಾಲಿ ಎಂದರ್ಥ.

ಫೆಬ್ರವರಿ 15, ಶನಿವಾರ. ಕಂದಿಕೆರೆ

ವಾಹನ ಹತ್ತಕೂಡದೆಂಬ ಕಟ್ಟಳೆ ವಾಪಸು ಬರುವಾಗ ಇಲ್ಲ. ತುರುವೇಕೆರೆಯಲ್ಲಿ ಸಿಕ್ಕಿದ್ದು ಪುಷ್ಪಲತಾ ಅವರ ಬಸ್ಸೇ. ಅವರಿಗೂ ಡ್ರೈವರಿಗೂ ಪ್ರಸಾದ ಕೊಟ್ಟೆ. ಡ್ರೈವರು ಮೊದಲ ಸಲ ನನ್ನ ಕಡೆ ತಿರುಗಿ, ಕಾಲುಚೀಲ ಒಗೆದು ಕೊಡು ಎಂದ. ಆಂಜನಪ್ಪನವರಿಗೂ ಒಂದು ಚೂರು ಕೊಟ್ಟೆ. ಚಿಕ್ಕಗೌರಮ್ಮನವರ ತೋಟ ಬಂದಾಗ ಮಾತ್ರ ಇಳಿಯಲಿಲ್ಲ. ಅವರ ನಾಲಿಗೆಯೂ ನಮ್ಮಜ್ಜಿಯ ನಾಲಿಗೆಯಂಥದ್ದೇ ಆಗಿದ್ದರೆ?

ಮನೆಯಲ್ಲಿ ಅಜ್ಜಿ ಸ್ನಾನ ಮಾಡಿ ಕಾದು ಕೂತಿದ್ದಳು. ಉಳಿದ ಹೋಳನ್ನು ಅವಳ ಕೈಗಿಟ್ಟೆ. ದಾರಿಯುದ್ದಕ್ಕೂ ಯೋಚಿಸಿ ಎರಡು ಉಪಾಯ ಮಾಡಿಕೊಂಡಿದ್ದೆ. ಅದಕ್ಕೆ ಬೆಲ್ಲ ಸೇರಿಸಿ ಕೊಡುವುದು, ಇಲ್ಲವೇ ಪ್ರಸಾದವೆಲ್ಲ ದಾರಿಯಲ್ಲಿ ಖರ್ಚಾಯಿತೆನ್ನುವುದು. ಎರಡನ್ನೂ ಮಾಡಲಿಲ್ಲ. ಯಾಕೋ ಗೊತ್ತಿಲ್ಲ.

ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಎರಡು ಸಲ ಅಗಿದಳು. ನಿಲ್ಲಿಸಿದಳು. ಅಪ್ಪ, ಅಮ್ಮ, ಸೌಂದರ್ಯ ಎಲ್ಲ ನಿಂತು ನೋಡುತ್ತಿದ್ದರು, ಏನೂ ಗೊತ್ತಿಲ್ಲದೆ. ನನ್ನ ಬಾಯಿ ಹುಟ್ಟಿದ ದಿನದ ಹಾಗೆ ಕಟ್ಟಿಹೋಗಿತ್ತು. ಅಜ್ಜಿ ಮಸುಕಾದ ಎರಡು ಕಣ್ಣನ್ನೂ ನನ್ನ ಕಡೆ ತಿರುಗಿಸಿದಳು.

“ತುರುವೇಕೆರೆ ಕಡೆ ನೀರು ಬಲು ಸಿಹಿ, ಅಲ್ವೇನ್ಲಾ?”

“ಹ್ಞೂಂ ಅಜ್ಜಿ.”

ಇನ್ನೂ ಸ್ವಲ್ಪ ಅಗಿದಳು. ನುಂಗಿದಳು.

“ಯಾರ್ಯಾರು ಹಿಡ್ಕೊಂಡ್ರು? ಹೇಳು.”

ಹೇಳಿದೆ. ಆಂಜನಪ್ಪನವರ ಕಂಕುಳಿಂದ ಶುರುಮಾಡಿ, ನಿರ್ಮಲಾ ಅವರ ದೇವರ ಗೂಡು, ರಸ್ತೆಯಲ್ಲಿ ನಿಂತ ಪುಷ್ಪಲತಾ, ಹುಚ್ಚರಂಗಯ್ಯ, ದೊಡ್ಡಣ್ಣ, ನಯನ, ಅಂಗೈ ಕಿತ್ತುಬಂದ ಹುಡುಗಿ, ಸಾಬರು, ಮೇಡಂಗಳು, ಕುರಿಯಣ್ಣ. ಎಲ್ಲರ ಹೆಸರೂ ಬಾಯಿಗೆ ಬಂತು. ಗೊತ್ತಿಲ್ಲದವರದ್ದು ಅಂಗಿಯ ಬಣ್ಣ ಹೇಳಿದೆ. ಅಟ್ಟದ ಮಾತು ಎತ್ತಲಿಲ್ಲ. ತೋಟದ ಮನೆಯಲ್ಲಿ ಇಷ್ಟು ಜನ ಯಾಕೆ ಹಿಡಿದರು ಎಂದು ಅವಳೂ ಕೇಳಲಿಲ್ಲ.

“ಇಷ್ಟ್ ಜನ ಹೊತ್ರಾ” ಎಂದು ಮಿಕ್ಕ ಚೂರನ್ನು ಕಣ್ಣಿಗೊತ್ತಿಕೊಂಡಳು. ಮೊದಲು ಬಲಗಣ್ಣಿಗೆ. ಆಮೇಲೆ ಅಪ್ಪನ ಕಡೆ ತಿರುಗಿ, “ಕರಿಬಸವ, ಡಾಕ್ಟ್ರಿಗೆ ಫೋನ್ ಮಾಡಪ್ಪ. ಸೋಮವಾರ ಬತ್ತೀನಿ ಅನ್ನು” ಎಂದಳು.

ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಫೆಬ್ರವರಿ 17, ಸೋಮವಾರ. ತಿಪಟೂರು ಆಸ್ಪತ್ರೆ

ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋಗಿ ಬಹಳ ಹೊತ್ತಾಯಿತು. ಎಡಗೈ ಜೋಮು ಹಿಡಿದಿದೆ, ಅಕ್ಷರ ಸೊಟ್ಟಗಾಗುತ್ತಿದೆ. ಕಾರಣ, ನನ್ನ ತೋಳಿನಲ್ಲಿ ಯಾರದೋ ಕೂಸು ನಿದ್ದೆ ಹೋಗಿದೆ. ಅದರ ತಾಯಿ ಚೀಟಿ ಮಾಡಿಸಲು ಎದ್ದು ಅತ್ತಿತ್ತ ನೋಡುತ್ತಿದ್ದಳು. ಅವಳು ಕೇಳುವ ಮೊದಲೇ ನನ್ನ ಕೈ ಮುಂದಕ್ಕೆ ಹೋಗಿತ್ತು. ಕೂಸನ್ನು ಬೆಂಚಿನ ಮೇಲೆ ಮಲಗಿಸಬಹುದು ಎಂದಳು ಸೌಂದರ್ಯ. ಬೆಂಚೂ ನೆಲದ ಮೇಲೇ ನಿಂತಿದೆಯಲ್ಲ ಎಂದೆ. ಹುಚ್ಚು ಹಿಡಿದಿದೆ ನಿನಗೆ ಎಂದಳು. ಇರಬಹುದು. ಬಿಸಿಲಲ್ಲಿ ನಡೆದದ್ದು ಹೆಚ್ಚಾಯಿತು.

ಫೆಬ್ರವರಿ 18, ಮಂಗಳವಾರ. ಕಂದಿಕೆರೆ

ಬೆಳಿಗ್ಗೆ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು. ಅಜ್ಜಿ ಬಲಗಣ್ಣು ತೆರೆದು ಮೊದಲು ನೋಡಿದ್ದು ನನ್ನನ್ನು.

“ಏನ್ಲಾ ಇಷ್ಟ್ ಕರ್ರಗಾಗಿದೀಯಾ” ಎಂದಳು. ಆಮೇಲೆ ಡಾಕ್ಟರ ಕಡೆ ತಿರುಗಿ, ಕಣ್ಣು ಚೆನ್ನಾಗಿ ಕಾಣಿಸುತ್ತಿದೆ ಎಂದಳು.

ಗಂಗರಾಜು ಸಂಜೆ ಬಂದು ನನ್ನ ಕಾಲಿನ ಗಾಯ ಮುಟ್ಟಿ ನೋಡಿ, ಬಣ್ಣ ಬಳಿದುಕೊಂಡಿಲ್ಲ ತಾನೇ ಎಂದು ಉಗುರಿನಿಂದ ಕೆರೆದ. ನಿಜವೆಂದು ಖಾತ್ರಿಯಾದ ಮೇಲೆ ಕೈ ಹಿಂದಕ್ಕೆ ತೆಗೆದುಕೊಂಡ. ಮುಂದಿನ ಸಲ ಬರುತ್ತೇನೆಂದ. ಶುಕ್ರವಾರ ಡ್ರೈವರಿನ ಕಾಲುಚೀಲ, ಒಂದು ಚೀಲ ಅವರೆಕಾಯಿ ಹಿಡಿದುಕೊಂಡು ಇಬ್ಬರೂ ತುರುವೇಕೆರೆ ಕಡೆ ಹೋಗುವವರಿದ್ದೇವೆ. ಚಿಕ್ಕಗೌರಮ್ಮನವರ ಅಟ್ಟಕ್ಕೆ ಮಿಕ್ಕ ಕಾಯಿ ಏರಿಸುವುದಿನ್ನೂ ಬಾಕಿ ಇರಬೇಕು.

ಎಲೈ ಭಾವೀ ಇತಿಹಾಸಕಾರರೇ, ಪಂಡಿತರೇ, ಕಳ್ಳಿ ಸೌಂದರ್ಯಳೇ, ಶಾಸನದ ಮೊದಲ ಪುಟಕ್ಕೆ ಒಂದು ಸಣ್ಣ ತಿದ್ದುಪಡಿ ಇದೆ. ಅಲ್ಲಿ ವಿಧಿ, ಕಪ್ಪು ಬೆರಳು, ಶಿಕ್ಷೆ ಎಂದೆಲ್ಲ ಬರೆದಿದ್ದೇನೆ. ನಾಯಿಯ ಮೇಲೂ ಒಂದು ಆರೋಪವಿದೆ. ನಾಯಿ ನಿರಪರಾಧಿ. ಅಪ್ಪನ ಸೊಂಟದ ಬೆಲ್ಟು ನಮ್ಮ ಅಟ್ಟದ ಮೇಲೆ, ಕಾಯಿಗಳ ಹಿಂದೆ, ಏಳನೇ ತಾರೀಕು ಸಂಜೆ ನಾನು ಇಟ್ಟ ಕಡೆಯೇ ಇದೆ. ನಾಳೆ ಇಳಿಸಿ ಕೊಡಬೇಕು.